ಶಾಂತವ್ವನ ಸೀರೆಗಳಿಗೆ ಗದ್ದೆ ಬದುವಿನ ಗೆರೆ

ಆ ಸೋಮವಾರ ಬೆಳಿಗ್ಗೆ ಸೆರಗಿಗೆ ಪಿನ್ನು ಹಾಕಲು ನನ್ನಿಂದ ಆಗಲಿಲ್ಲ.

ಪಿನ್ನು ಹೊಸದು, ಬಿಗಿಯಿರಬೇಕು ಎಂದುಕೊಂಡೆ. ಇನ್ನೊಂದು ತೆಗೆದೆ. ಅದೂ ಆಗಲಿಲ್ಲ. ಬೆರಳು ಬಾಗುತ್ತಿತ್ತು, ಆದರೆ ಒತ್ತುವ ಶಕ್ತಿ ತುದಿಯವರೆಗೆ ಬರುತ್ತಿರಲಿಲ್ಲ. ಕಿಟಕಿಯ ಬೆಳಕಿಗೆ ಕೈ ಹಿಡಿದು ನೋಡಿದೆ. ಬಲಗೈಯ ತೋರುಬೆರಳು, ನಡುಬೆರಳುಗಳ ಬುಡದ ಗೆಣ್ಣುಗಳು ಊದಿದ್ದವು. ಎಡಗೈಯಲ್ಲೂ ಅವೇ ಎರಡು. ನಾನು ಕಂಪ್ಲಿಯ ಶಾಲೆಯೊಂದರಲ್ಲಿ ಗಣಿತ ಹೇಳುವವಳು. ಹೆದರಿಕೆಗಿಂತ ಮೊದಲು ನನಗೆ ಬಂದದ್ದು ಪ್ರಶ್ನೆ. ಎರಡೂ ಕೈಗಳು ಮಾತಾಡಿಕೊಂಡವರ ಹಾಗೆ ಅವೇ ಬೆರಳುಗಳನ್ನು ಆರಿಸಿಕೊಂಡದ್ದು ಹೇಗೆ?

ಕೊನೆಗೆ ನಮ್ಮವರೇ ಪಿನ್ನು ಹಾಕಿದರು. ಅಕ್ಕಿ ಗಿರಣಿಯಲ್ಲಿ ಚೀಲ ಹೊಲಿಸುವ ಮನುಷ್ಯ, ಸೆರಗನ್ನೂ ಚೀಲದ ಬಾಯಿಯ ಹಾಗೇ ಹಿಡಿದು ಚುಚ್ಚಿದರು.

"ಕೌದಿ ಹುಚ್ಚು ಇದು. ನಾಕು ದಿನ ಸೂಜಿ ಬಿಡು, ತಾನೇ ಸರಿಹೋಗ್ತದ" ಎಂದರು.

ನಾನೂ ಹಾಗೇ ನಂಬಿದೆ. ಏಕೆಂದರೆ ಆಗ ನಿಜವಾಗಿಯೂ ಒಂದು ಕೌದಿಗೆ, ಹಳೆ ಸೀರೆಗಳ ಪದರ ಸೇರಿಸಿ ಹೊಲಿಯುವ ಹೊದಿಕೆಗೆ, ಕೂತಿದ್ದೆ. ನಮ್ಮತ್ತೆ ಗೌರಮ್ಮನವರ ತಂಗಿ ಶಾಂತವ್ವ ಎಮ್ಮಿಗನೂರಿನಲ್ಲಿ ತೀರಿಕೊಂಡ ಮೇಲೆ ಅವರ ಸೀರೆಗಳ ಗಂಟು ನಮ್ಮ ಮನೆಗೆ ಬಂದಿತ್ತು. ಗ್ಲಾಕೋಮಾದಿಂದ ಅತ್ತೆಗೆ ಕಣ್ಣು ಹೋಗಿ ಆರು ವರ್ಷ. ಅವರು ಗಂಟು ಬಿಚ್ಚಿ ಒಂದೊಂದೇ ಸೀರೆಯನ್ನು ಮೂಗಿಗೆ ಹಿಡಿದರು, ಆಮೇಲೆ ನನ್ನ ಕಡೆ ನೂಕಿದರು. "ಇದರದು ನನಗೊಂದು ಕೌದಿ ಹೊಲಿ, ಗಿರಿಜಾ. ನಾನು ಇರೋದ್ರೊಳಗ ನನ್ನ ತಂಗಿನ್ನ ಹೊತ್ಕೊಂಡು ಮಲಗ್ಬೇಕು." ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಕೌದಿ ಹೊಲಿಯಲು ಕಲಿಸಿದ್ದು ಅವರೇ. ಅವರು ನನ್ನನ್ನು ಇಷ್ಟು ವರ್ಷದಲ್ಲಿ ಬಾಯಿ ಬಿಟ್ಟು ಕೇಳಿದ್ದು ಇದೊಂದೇ.

ಮೇಲಿನ ತುಂಡುಗಳನ್ನೆಲ್ಲ ಜೋಡಿಸಿ, ನಾಲ್ಕು ಮೂಲೆಗೆ ತ್ರಿಕೋನದ ತೇಪೆ ಹಾಕಿ ಮುಗಿಸಿದ್ದೆ. ಇನ್ನು ಉಳಿದದ್ದು ಪದರಗಳನ್ನೆಲ್ಲ ಸೇರಿಸಿ ಹಿಡಿಯುವ ಸಾಲು ಹೊಲಿಗೆ. ಕೌದಿಯ ಮುಕ್ಕಾಲು ಪಾಲು ಕೆಲಸವೇ ಅದು.

ನಾಲ್ಕು ದಿನ ಸೂಜಿ ಬಿಟ್ಟೆ. ಐದನೆಯ ದಿನ ಚಪಾತಿ ಹಿಟ್ಟು ನಾದಲು ಆಗಲಿಲ್ಲ. ಎರಡನೆಯ ವಾರ ಮಣಿಕಟ್ಟು ಊದಿತು. ಒಂದು ದಿನ ಏಳನೇ ತರಗತಿಯ ಬೋರ್ಡಿನ ಮುಂದೆ ಚಾಕ್‌ಪೀಸ್ ಕೈಯಿಂದ ಜಾರಿ ಬಿತ್ತು. ಎತ್ತಿಕೊಂಡೆ. ಮತ್ತೆ ಬಿತ್ತು.

ಮಕ್ಕಳು ನಗಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

ಹೊಸಪೇಟೆಯ ಆಸ್ಪತ್ರೆಯಲ್ಲಿ ಡಾಕ್ಟರು ನನ್ನ ಗೆಣ್ಣುಗಳನ್ನು ಒಂದೊಂದಾಗಿ ಒತ್ತಿ ನೋಡಿದರು.

"ಬೆಳಿಗ್ಗೆ ಎದ್ದ ಮ್ಯಾಲೆ ಎಷ್ಟೊತ್ತು ಬಿಗಿ ಇರ್ತದ್ರಿ?"

"ಚಹಾ, ಉಪ್ಪಿಟ್ಟು, ಡಬ್ಬಿ ಕಟ್ಟೋದು, ಎಲ್ಲಾ ಮುಗಿಯೋ ತನಕ್ರಿ."

"ಅಂದ್ರ ಒಂದು ತಾಸಿನ ಮ್ಯಾಲೆ" ಎಂದು ಬರೆದುಕೊಂಡರು. ESR, RA factor, Anti-CCP ಎಂಬ ರಕ್ತ ಪರೀಕ್ಷೆ ಮಾಡಿಸಿದರು. ಮೂರು ದಿನಕ್ಕೆ ರಿಪೋರ್ಟ್ ಬಂತು.

Rheumatoid arthritis.

ನಮ್ಮವರು ಕುರ್ಚಿಯ ಅಂಚಿಗೆ ಬಂದು ಕೂತರು. ನಾನು ನನ್ನ ಪ್ರಶ್ನೆ ಕೇಳಿದೆ. ಎರಡೂ ಕೈಗೆ ಅವೇ ಬೆರಳು ಯಾಕೆ? ಡಾಕ್ಟರಿಗೆ ಖುಷಿಯಾಯಿತೆಂದು ಕಾಣುತ್ತದೆ, ಪೆನ್ನು ಕೆಳಗಿಟ್ಟರು. "ಇದು ಒಂದು ಕೀಲಿನ ರೋಗ ಅಲ್ರಿ. ನಿಮ್ಮ ರಕ್ಷಣಾ ವ್ಯವಸ್ಥೆನ ದಾರಿ ತಪ್ಪಿ ಕೀಲಿನ ಒಳಪದರದ ಮ್ಯಾಲೆ ಬಿದ್ದದ. ಅದು ಮೈತುಂಬಾ ಓಡಾಡ್ತದ, ಅದಕ್ಕ ಭಾಳ ಸಲ ಎರಡೂ ಕಡೆ ಒಂದೇ ಥರ ಕಾಣ್ತದ. ಅವೇ ಬೆರಳು ಯಾಕ ಅಂತ ನನಗೂ ಪೂರ್ತಿ ಗೊತ್ತಿಲ್ರಿ." ಗೊತ್ತಿಲ್ಲ ಎಂದ ಮೇಲೆ ಆ ಡಾಕ್ಟರ ಮೇಲೆ ನನಗೆ ನಂಬಿಕೆ ಬಂತು.

Methotrexate ಬರೆದರು. ವಾರಕ್ಕೆ ಒಂದೇ ದಿನ, ದಿನಾ ಅಲ್ಲ ಎಂದು ಮೂರು ಸಲ ಹೇಳಿ, ನನ್ನಿಂದಲೂ ಹೇಳಿಸಿದರು. ಜೊತೆಗೆ folic acid, ಆಗಾಗ ರಕ್ತ ಪರೀಕ್ಷೆ, physiotherapy. ಏಳುವ ಹೊತ್ತಿಗೆ ಸೂಜಿಯ ಮಾತು ತೆಗೆದೆ.

"ಸದ್ಯಕ್ಕ ಬ್ಯಾಡ್ರಿ."

"ಎಷ್ಟು ದಿನ್ರಿ?"

"ಔಷಧ ಹಿಡೀಲಿ. ನೋಡೋಣ."

ನೋಡೋಣ ಎಂಬುದು ಉತ್ತರವಲ್ಲ. ಪರೀಕ್ಷೆಯಲ್ಲಿ ಯಾರಾದರೂ ಹಾಗೆ ಬರೆದರೆ ನಾನು ಅಂಕ ಕೊಡುವುದಿಲ್ಲ.

ರವಿವಾರ ಮಾತ್ರೆ, ಸೋಮವಾರ ಹೊಟ್ಟೆ ತೊಳಸು. ಬಾಚಣಿಗೆ ತುಂಬ ಕೂದಲು. ಮನೆಯ ದಿನಚರಿ ಬದಲಾಯಿತು. ನಮ್ಮವರು ರೊಟ್ಟಿ ಕಲಿತರು, ಒಂದೂ ದುಂಡಗಾಗಲಿಲ್ಲ. ಅತ್ತೆ ಕೌದಿಯ ಮಾತನ್ನೇ ಆಡಲಿಲ್ಲ. ಆ ಅರ್ಧ ಹೊಲಿದ ಕೌದಿ ಇಟ್ಟ ಟ್ರಂಕಿನ ಮೇಲೆ ಮಾತ್ರ ದಿನಾ ಮಧ್ಯಾಹ್ನ ಹೋಗಿ ಕೂರುತ್ತಿದ್ದರು. ಕಣ್ಣಿಲ್ಲದವರು, ಅಷ್ಟು ದೊಡ್ಡ ಪಡಸಾಲೆಯಲ್ಲಿ ಅದೊಂದೇ ಜಾಗ ಹುಡುಕಿಕೊಂಡು. ನನಗೆ ಕೈನೋವಿಗಿಂತ ಅದನ್ನು ನೋಡುವುದು ಕಷ್ಟವಾಗಿತ್ತು.

Physiotherapyಯಲ್ಲಿ ಬಿಸಿ ಮೇಣದ ತೊಟ್ಟಿಗೆ ಕೈ ಅದ್ದಿಸಿ ಕೂರಿಸುತ್ತಾರೆ. ಪಕ್ಕದ ಕುರ್ಚಿಯಲ್ಲಿ ಭುಜಕ್ಕೆ ಶಾಖ ಕೊಡಿಸಿಕೊಳ್ಳುತ್ತಿದ್ದ ಹೆಂಗಸಿನ ಹೆಸರು ರೆಹಾನಾ. ಕಡ್ಡಿರಾಂಪುರದ ಹತ್ತಿರ ಶೆಡ್ಡು, ರೆಸಾರ್ಟುಗಳಿಗೆ ಕೌದಿ ಮಾಡಿಕೊಡುವ ಕೆಲಸ.

"ದಿನಾ ಲಾಂಗ್ ಆರ್ಮ್ ಮಷೀನು ತಳ್ಳಿ ತಳ್ಳಿ ಭುಜ ಹೋತ್ರಿ" ಎಂದರು.

"ಮಷೀನು ತಳ್ಳೋದಾ? ಬಟ್ಟಿ ಅಲ್ಲೇನ್ರಿ ತಳ್ಳೋದು?"

"ಇದರಾಗ ಉಲ್ಟಾ, ಟೀಚರ್. ಬಟ್ಟಿ ಕುಂತಿರ್ತದ, ಮಷೀನು ಓಡಾಡ್ತದ. ಬರ್ರಿ, ನೋಡ್ರಿ ಒಮ್ಮೆ."

ಆ ವಾರವೇ ಹೋದೆ. ಸುಮ್ಮನೆ ನೋಡಲು ಎಂದು ನಮ್ಮವರಿಗೆ ಹೇಳಿದೆ. ಅರ್ಧ ನಿಜ.

ಎರಡು ಮಂಚಕ್ಕಿಂತ ಉದ್ದದ ಚೌಕಟ್ಟು. ಕೌದಿಯ ಪದರಗಳನ್ನು ಉರುಳೆಗಳಿಗೆ ಸುತ್ತಿ ಬಿಗಿಯಾಗಿ ಎಳೆದು ಕಟ್ಟುತ್ತಾರೆ. ಉದ್ದ ಕತ್ತಿನ ಹೊಲಿಗೆ ಯಂತ್ರ ಹಳಿಯ ಮೇಲೆ ಹಿಂದೆ ಮುಂದೆ, ಆಚೆ ಈಚೆ ಜಾರುತ್ತದೆ. ಯಂತ್ರದ ಹಿಂಬದಿಗೆ ಉದ್ದನೆಯ ಕಾಗದ, ಅದರ ಮೇಲೆ ಬರೆದ ಡಿಸೈನು. ಯಂತ್ರಕ್ಕೆ ಅಂಟಿದ ಕೆಂಪು ಬೆಳಕಿನ ಚುಕ್ಕಿಯನ್ನು ಆ ಗೆರೆಯ ಮೇಲೆ ನಡೆಸಿದರೆ, ಮುಂದೆ ಸೂಜಿ ಅದೇ ಗೆರೆಯನ್ನು ಬಟ್ಟೆಯ ಮೇಲೆ ಹೊಲಿಯುತ್ತದೆ. ನಾನು ಚಿಕ್ಕ ಹುಡುಗಿಯ ಹಾಗೆ ಎರಡು ಸಲ ಮುಂದಿನಿಂದ, ಎರಡು ಸಲ ಹಿಂದಿನಿಂದ ನೋಡಿದೆ.

ಕೌದಿಯ ವಿಷಯ ಹೇಳಿದೆ. ಡಿಸೈನು ನೀವೇ ಆರಿಸಿರಿ ಎಂದು ರೆಹಾನಾ ಮಾದರಿ ತುಂಡುಗಳ ಚೀಲವನ್ನೇ ಕೊಟ್ಟರು.

ಅಂದು ಸಂಜೆ ಮನೆಯಲ್ಲಿ ಭಯದಿಂದಲೇ ಮಷೀನಿನ ಮಾತು ತೆಗೆದೆ. ಅತ್ತೆ ನನ್ನ ಕಡೆ ಕೈ ಚಾಚಿದರು.

"ಮಷೀನು" ಎಂದರು. "ಕೊಡಿಲ್ಲಿ, ನೋಡೋಣ."

ಒಂದೊಂದೇ ತುಂಡನ್ನು ಬೆರಳಲ್ಲಿ ಸವರಿದರು. ರೆಸಾರ್ಟಿನವರು ಮೆಚ್ಚುವ ಹಕ್ಕಿ ಗರಿಯ ಡಿಸೈನಿಗೆ, "ಇದೇನವ್ವ, ಕೋಳಿ ಪುಕ್ಕ?" ಸುರುಳಿಗೆ, "ತಲಿ ತಿರುಗ್ತದ." ಸಾಸಿವೆ ಚೆಲ್ಲಿದಂತೆ ಒತ್ತೊತ್ತಾಗಿ ಹೊಲಿದದ್ದನ್ನು ಮಡಿಸಲು ನೋಡಿ ಕೆಳಗಿಟ್ಟರು. "ಇದನ್ನ ಹೊತ್ಕೊಂಡ್ರ ಹಲಗಿ ಹೊತ್ಕೊಂಡಂಗ." ಆಗ ನಾನೂ ಆ ತುಂಡನ್ನು ಮುಟ್ಟಿದೆ. ಹೌದು. ಹೊಲಿಗೆ ಒತ್ತಾದಷ್ಟೂ ಬಟ್ಟೆ ಪೆಡಸು. ಗೆರೆಗಳ ನಡುವೆ ಜಾಗ ಬಿಟ್ಟಷ್ಟೂ ಮೆತ್ತಗೆ, ಮೈಗೆ ಒರಗುತ್ತದೆ. ಇಷ್ಟು ವರ್ಷ ಹೊಲಿದರೂ ನಾನು ಚಂದ ಮಾತ್ರ ನೋಡುತ್ತಿದ್ದೆ. ಬೆಳಿಗ್ಗೆ ಎದ್ದಾಗ ಹೊದಿಕೆ ಸರಿಸಲೂ ಗೆಣ್ಣು ನೋಯುವ ಈ ದಿನಗಳಲ್ಲಿ, ಕೌದಿಯ ಭಾರ ಎಂದರೆ ಏನೆಂದು ನನ್ನ ಕೈಗೂ ತಿಳಿದಿತ್ತು.

"ಸುತ್ತು ಹೊಲಿಗಿ ಹೊಲಿಯಂಗಿಲ್ಲೇನು ಅದು?" ಅತ್ತೆ ಕೇಳಿದರು. ಅಂಚಿನಿಂದ ಶುರುಮಾಡಿ ಚೌಕದೊಳಗೆ ಚೌಕ ತಿರುಗುತ್ತ ನಡುವಿಗೆ ಬರುವುದು ನಮ್ಮ ಮನೆಯ ಪದ್ಧತಿ. ಆಗುವುದಿಲ್ಲ ಎಂದೆ. ಯಂತ್ರದ ಕತ್ತು ಒಂದು ಮೊಳದಷ್ಟು ಮಾತ್ರ ಒಳಗೆ ಚಾಚುತ್ತದೆ. ಒಂದು ಪಟ್ಟಿ ಮುಗಿಸಿ, ಉರುಳೆ ತಿರುಗಿಸಿ, ಮುಂದಿನ ಪಟ್ಟಿ. ಅಡ್ಡ ಸಾಲುಗಳೇ ಅದಕ್ಕೆ ಒಗ್ಗುವುದು.

"ಅಡ್ಡ ಸಾಲು" ಎಂದು ಅತ್ತೆ ಬೆರಳಿಂದ ತೊಡೆಯ ಮೇಲೆ ಗೆರೆ ಎಳೆದುಕೊಂಡರು. ಗೆರೆ ನೇರವಾಗಿರಲಿಲ್ಲ. ಸ್ವಲ್ಪ ಬಾಗಿ, ಮತ್ತೆ ಸರಿದು ಹೋಯಿತು. "ಶಾಂತಿ ಗದ್ದಿ ಬದು ಹಿಂಗ ಇತ್ತು ನೋಡು. ಒಂದೂ ನೆಟ್ಟಗಿರಲಿಲ್ಲ. ನಾವು ಅಕ್ಕ-ತಂಗಿ ಇಬ್ರೂ ಬುತ್ತಿ ತಗೊಂಡು ಆ ಬದುವಿನ ಮ್ಯಾಲೇ ಓಡ್ತಿದ್ವಿ."

ಚೀಲದಲ್ಲಿ ಗದ್ದೆ ಬದುವಿನ ಡಿಸೈನು ಇರಲಿಲ್ಲ.

ಮರುದಿನ ನೆಲದ ಮೇಲೆ ಕಾಗದ ಹಾಸಿ, ದಪ್ಪ ಮಾರ್ಕರನ್ನು ಮುಷ್ಟಿಯಲ್ಲಿ ಹಿಡಿದು ನಾನೇ ಬರೆದೆ. ಬೆರಳು ಮಡಿಸಬೇಕಿಲ್ಲ, ಭುಜದಿಂದ ಎಳೆದರಾಯಿತು. ಗೆರೆಗಳು ಒಂದನ್ನೊಂದು ದಾಟಬಾರದು, ತೀರ ಹತ್ತಿರ ಬರಬಾರದು, ಒಂದು ಪಟ್ಟಿಯ ಕೊನೆ ಮುಂದಿನ ಪಟ್ಟಿಗೆ ಹೊಂದಬೇಕು. ಒಳ್ಳೆ ಲೆಕ್ಕ ಸಿಕ್ಕಿತ್ತು. ತಿಂಗಳುಗಳ ನಂತರ ಒಂದು ಮಧ್ಯಾಹ್ನ ಪೂರ್ತಿ ಕಾಯಿಲೆಯನ್ನು ಮರೆತಿದ್ದೆ.

ಕೌದಿಯ ಪದರಗಳನ್ನು ರೆಹಾನಾಗೆ ಒಪ್ಪಿಸಿದೆ. ಮೂರನೆಯ ದಿನ ಸ್ಟಾಫ್ ರೂಮಿನಲ್ಲಿ ಫೋನು ಬಂತು.

"ಟೀಚರ್, ಕೌದ್ಯಾಗ ಏನಿಟ್ಟೀರ್ರಿ? ಬಂಗಾರ ಏನಾದ್ರೂ?"

"ಯಾಕ್ರಿ?"

"ಸೂಜಿ ಮುರೀತು. ಮಷೀನು ನಿಂತೈತಿ."

ಬಸ್ಸು ಹಿಡಿದು ಓಡಿದೆ. ಕೊನೆಯ ಪಟ್ಟಿಯ ಕೊನೆಯ ಮೂಲೆ. ತ್ರಿಕೋನದ ತೇಪೆಯ ಕೆಳಗೆ ಗಟ್ಟಿಯಾಗಿ ಏನೋ ಇತ್ತು. ಬಿಚ್ಚಿ ನೋಡಿದರೆ ಉತ್ತತ್ತಿ, ಒಣ ಖರ್ಜೂರ. ಬೀಜದ ಸಮೇತ.

ನಮ್ಮಲ್ಲಿ ಕೌದಿ ಮುಗಿಸುವಾಗ ಕೊನೆಯ ಮೂಲೆಯೊಳಗೆ ತಿನ್ನುವ ಪದಾರ್ಥ ಇಟ್ಟು ಹೊಲಿಯುತ್ತೇವೆ. ಹೋಳಿಗೆಯ ಚೂರೋ, ನಾಲ್ಕು ಕಾಳು ಅಕ್ಕಿಯೋ. ಕೌದಿಯ ಹೊಟ್ಟೆ ಖಾಲಿ ಇರಬಾರದು. ಕೌದಿ ಪರರ ಶೆಡ್ಡಿನಲ್ಲಿ ಮುಗಿಯುತ್ತದೆ, ಅಲ್ಲಿ ಯಾರು ಇಡುತ್ತಾರೆ ಎಂದು ಅತ್ತೆ ಅದನ್ನು ಒಪ್ಪಿಸುವ ಹಿಂದಿನ ದಿನವೇ ಎರಡು ಹೊಲಿಗೆ ಬಿಚ್ಚಿ ತೂರಿಸಿಬಿಟ್ಟಿದ್ದರು.

ಮನೆಗೆ ಬಂದವಳೇ ಕೂಗಾಡಿದೆ. ಪರರ ಯಂತ್ರ, ಮರ್ಯಾದೆ, ಹೇಳಿದ್ದರೆ ಏನಾಗುತ್ತಿತ್ತು, ಎಲ್ಲ.

"ಕೂಸನ್ನ ಉಪವಾಸ ಕಳಸಲೇನು?" ಎಂದರು ಅತ್ತೆ, ಅಷ್ಟೇ ಜೋರಾಗಿ.

ನನ್ನ ಕೂಗಿನಲ್ಲಿ ಅವರ ಮೇಲಿನದಕ್ಕಿಂತ ನನ್ನ ಕೈಯ ಮೇಲಿನ ಸಿಟ್ಟೇ ಹೆಚ್ಚಿತ್ತು. ನನ್ನ ಕೈ ನೆಟ್ಟಗಿದ್ದಿದ್ದರೆ ಕೌದಿ ಮನೆ ಬಿಟ್ಟು ಹೋಗುತ್ತಲೇ ಇರಲಿಲ್ಲ.

ರೆಹಾನಾ ಮೆಕ್ಯಾನಿಕ್ಕನನ್ನು ಕರೆಸಿ ಯಂತ್ರ ಸರಿ ಮಾಡಿಸಿಕೊಂಡರು. ಆದರೆ ಆ ಮೂಲೆಗೆ ಹೊಲಿಗೆ ಹಾಕಲಿಲ್ಲ. ಉತ್ತತ್ತಿಯ ಬೀಜ ತೆಗೆದು, ಹಣ್ಣನ್ನು ಮತ್ತೆ ಅಲ್ಲೇ ಇಟ್ಟರು. "ಇದು ನಿಮ್ಮನಿ ಜಾಗ. ನೀವ ಹೊಲೀರಿ, ಟೀಚರ್" ಎಂದು ಮಡಿಸಿ ಕೊಟ್ಟರು. ಒಂದು ಗೇಣು ಅಗಲದ ಖಾಲಿ ಮೂಲೆ. ಮೂರು ಸಾಲು ಸಾಕು.

ಆ ಮೂರು ಸಾಲಿಗೆ ಎರಡು ತಿಂಗಳು ಕಾದೆ. ಊತ ನಿಧಾನಕ್ಕೆ ಇಳಿಯಿತು. ESR ಇಳಿಯಿತು. ಡಾಕ್ಟರು ನನ್ನ ಮುಷ್ಟಿ ಹಿಡಿಸಿ ನೋಡಿ, "ದಿನಕ್ಕ ಹತ್ತು ನಿಮಿಷ. ನೋವು ಬಂದ್ರ ನಿಲ್ಲಸ್ಬೇಕು" ಎಂದರು. ಶಾಲೆಯಿಂದ ಬಂದು, ಬಾಗಿಲ ಬೆಳಕಿನಲ್ಲಿ ಕೂತು, ಸೂಜಿಯ ಹಿಂಭಾಗಕ್ಕೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಂಡು ಹೊಲಿದೆ. ಮೊದಲ ದಿನ ಮೂರು ಹೊಲಿಗೆ. ಎರಡನೆಯ ದಿನ ಎರಡೇ. ಒಂದು ವಾರ ಏನೂ ಇಲ್ಲ. ಹೀಗೆ ಕುಂಟುತ್ತ ಮೂರನೆಯ ಸಾಲಿಗೆ ಬಂದೆ.

ಕಾಯಿಲೆ ಹೋಗಿಲ್ಲ. ಹೋಗುವುದಿಲ್ಲವಂತೆ. ರವಿವಾರದ ಮಾತ್ರೆ ಇದೆ, ಸೋಮವಾರದ ತೊಳಸು ಕಡಿಮೆಯಾಗಿದೆ. ಪಿನ್ನು ಈಗ ನಾನೇ ಹಾಕಿಕೊಳ್ಳುತ್ತೇನೆ, ಮಳೆಗಾಲದ ಕೆಲವು ದಿನ ಬಿಟ್ಟು. ಒಂದಿಡೀ ಕೌದಿಯನ್ನು ಕೈಯಲ್ಲಿ ಹೊಲಿಯುವ ಕಾಲ ಬಹುಶಃ ಮುಗಿಯಿತು. ಹಾಗೆ ಬರೆಯುವಾಗ ದುಃಖವಾಗುತ್ತದೆ, ಆದರೆ ಮೊದಲಿನ ಹಾಗೆ ಉಸಿರು ಕಟ್ಟುವುದಿಲ್ಲ.

ಮುಗಿದ ದಿನ ಮಧ್ಯಾಹ್ನ ಕೌದಿಯನ್ನು ಅತ್ತೆಯ ಮಡಿಲಿಗಿಟ್ಟೆ. ಅವರು ಅಂಚು ಹಿಡಿದು, ಬದುವಿನ ಮೇಲೆ ಬೆರಳು ನಡೆಸುತ್ತ ಹೋದರು. ಯಂತ್ರದ ಸಾಲುಗಳ ಮೇಲೆ ಬೇಗ ಬೇಗ. "ಚಲೋ ಹೊಲದೈತಿ" ಎಂದರು. ಆಮೇಲೆ ಆ ಮೂಲೆ ಸಿಕ್ಕಿತು. ಬೆರಳು ನಿಧಾನವಾಯಿತು.

"ಇಲ್ಲಿ ನಿನ್ನ ಕೈ ನೋಯ್ತಿತ್ತು."

ನೋವಿನ ವಿಷಯ ನಾನು ಮನೆಯಲ್ಲಿ ಪೂರ್ತಿ ಹೇಳಿರಲಿಲ್ಲ.

"ಇಲ್ಲೂ. ಈ ಸಾಲಿನಾಗ ಭಾಳ ನೊಂದೈತಿ." ಮೂರನೆಯ ಸಾಲಿಗೆ ಬಂದರು. ಅರ್ಧ ದಾಟಿ ನಿಂತರು. ಹಿಂದೆ ಹೋಗಿ ಮತ್ತೆ ಸವರಿದರು. "ಇಲ್ಲಿಂದ ನೋವಿಲ್ಲ ನೋಡು."

ಬಗ್ಗಿ ನೋಡಿದೆ. ಕೊನೆಯ ಏಳೆಂಟು ಹೊಲಿಗೆ ಒಂದೇ ಅಳತೆ, ಒಂದೇ ಬಿಗಿ. ನನಗೇ ಗೊತ್ತಾಗಿರಲಿಲ್ಲ. ಅವನ್ನು ಹಾಕುವಾಗ ನಾನು ಕೈಯನ್ನು ಗಮನಿಸುತ್ತಲೇ ಇರಲಿಲ್ಲ. ಎರಡು ಬದುಗಳು ಸೇರುವ ಜಾಗವನ್ನು ಮುಂದಿನ ಕೌದಿಯ ಡಿಸೈನಿನಲ್ಲಿ ತೋರಿಸುವುದು ಹೇಗೆ ಎಂದು ಯೋಚಿಸುತ್ತಿದ್ದೆ.

ಅಳು ಬಂತು. ಅತ್ತೆಗೆ ಕಾಣುವುದಿಲ್ಲ ಎಂಬ ಧೈರ್ಯದಲ್ಲಿ ಸದ್ದಿಲ್ಲದೆ ಅಳುತ್ತ ನಿಂತೆ. ಅವರು ಕೌದಿಯನ್ನು ನನ್ನಿಂದ ಸ್ವಲ್ಪ ದೂರಕ್ಕೆ ಎಳೆದುಕೊಂಡರು.

"ಮೂಗು ಒರಸ್ಕೋ. ಹೊಸಾ ಕೌದಿ ಐತಿ."