ಹಗುರ ಕಟ್ಟಿಗೆಯ ವಿಮಾನ

ನಿಜಾಮರ ಕಾಲದಲ್ಲಿ ಕೊಪ್ಪಳದ ನಮ್ಮ ಹಿತ್ತಲಲ್ಲಿ ವಿಮಾನ ಕಟ್ಟಲು ಹೊರಟ ಹುಚ್ಚ ನಾನು. ಮೋಟಾರ್ ಸೈಕಲ್ಲಿನ ಎಂಜಿನ್ ಇತ್ತು, ಗಾಳಿ ತಡೆಯಲು ಸೆಲ್ಯುಲಾಯ್ಡ್ ಹಾಳೆಯೂ ಸಿಕ್ಕಿತ್ತು. ವಿಮಾನದ ಮೈಗೆ ತೇಗದ ಕಟ್ಟಿಗೆ ಭಾರವಾಯಿತು. ಅದಕ್ಕೇ, ದೇವರ ವಾಹನಗಳನ್ನು ಹಗುರ ಕಟ್ಟಿಗೆಯಲ್ಲಿ ಮಾಡುವ ಕಿನ್ನಾಳದ ಚಿತ್ರಗಾರನ ಬಳಿ ಓಡಿದೆ.

ನಕ್ಷೆ ನೋಡಿ ಆತ, "ಗರುಡ ಛಲೋ ಐತ್ರಿ. ಎಷ್ಟು ಮಂದಿ ಹೊರತಾರ?" ಎಂದ.

"ಯಾರೂ ಹೊರಂಗಿಲ್ಲ. ಅದ ನನ್ನ ಹೊತ್ಕೊಂಡು ಹಾರತೈತಿ!"

"ಹಾರ್ಲಿ ಬಿಡ್ರಿ."

ಮಾಡಿ ತಂದಾಗ ನೋಡಿದರೆ, ಹೊಟ್ಟೆಯಡಿ ಹೊರುವ ಬೊಂಬು ತೂರಿಸಲು ನಾಲ್ಕು ಕಬ್ಬಿಣದ ಬಳೆ! ಭಾರ ಹೆಚ್ಚಾಯಿತೆಂದು ರೇಗಾಡಿದೆ.

"ಬಳಿ ಇಲ್ದ ನಮ್ಮನ್ಯಾಗಿಂದ ಯಾವ ವಾಹನಾನೂ ಹೋಗಿಲ್ರಿ," ಎಂದ.

ಊರಾಚೆಯ ಬಯಲಲ್ಲಿ ವಿಮಾನ ಮೂರು ಸಲ ಕುಪ್ಪಳಿಸಿ ಸಜ್ಜೆ ಹೊಲದಲ್ಲಿ ಕೂತುಬಿಟ್ಟಿತು. ನಾನು ಕೇಕೆ ಹಾಕುತ್ತಲೇ ಇದ್ದೆ. ಬೊಂಬು ತೂರಿಸಿ ನಾಲ್ವರು ಹೊತ್ತರು. ನಾನು ಇಳಿಯಲಿಲ್ಲ. ಅಂದು ನೆಲ ಮುಟ್ಟದೆ ಮನೆತನಕ ಬಂದದ್ದಂತೂ ಖರೆ.