‘ಆಗಿಹೋಯ್ತು’ ಎಂದವರಿಗೆ ಪಟ್ಟಿ ಇಲ್ಲ

ಬೆಳಗಿನ ಆರೂವರೆ. ಹೊರಗೆ ಇನ್ನೂ ಸರಿಯಾಗಿ ಬೆಳಕಾಗಿಲ್ಲ, ಆಗಲೇ ದಿನದ ಮೊದಲ ಬೆರಳು ಬಾಗಿಲಿಗೆ ಬಂದಿದೆ. ಹದಿನೇಳರ ಹುಡುಗ. ತಗಡು ತಾಗಿದ ಹೆಬ್ಬೆರಳನ್ನು ಕರವಸ್ತ್ರದಲ್ಲಿ ಸುತ್ತಿಕೊಂಡಿದ್ದಾನೆ.

“ಕೊಯ್ದುಹೋಯ್ತು ಅಕ್ಕಾ.”

ಅಕ್ಕ ಗಾಯ ತೊಳೆಯುತ್ತಾ ಕೇಳುತ್ತಾರೆ: “ಅದರಷ್ಟಕ್ಕೆ ಅದೇ ಕೊಯ್ದುಹೋಯ್ತಾ? ಗ್ಲೌಸ್ ಎಲ್ಲಿತ್ತು?”

“ಜೇಬಲ್ಲಿ.”

“ಹಾಗಾದ್ರೆ ಸರಿಯಾಗಿ ಹೇಳು.”

ಹಿಂದೆ ನಿಂತ ಗೆಳೆಯ ಕಿಸಕ್ಕೆಂದು ನಗುತ್ತಾನೆ. “ನಾನು... ನಾನೇ ಕೊಯ್ಕೊಂಡೆ,” ಎನ್ನುತ್ತಾನೆ ಗಾಯದ ಹುಡುಗ.

“ಹಾಂ, ಈಗ ಕೊಡು ಕೈ.” ಆಮೇಲಷ್ಟೇ ಪಟ್ಟಿ.

ಕಬ್ಬಿಣದ ಕೆಲಸ ಕಲಿಸುವ ಈ ತರಬೇತಿ ಕೇಂದ್ರದಲ್ಲಿ ಮುನ್ನೂರು ಹುಡುಗರಿದ್ದಾರೆ. ದಿನಕ್ಕೆ ಏಳೆಂಟು ಬೆರಳು. ಎರಡು ಸ್ಟೂಲು, ಒಂದು ಕಪಾಟು ಇರುವ ಪುಟ್ಟ ಕೋಣೆಯಲ್ಲಿ ‘ಪಟ್ಟಿ ಅಕ್ಕ’ ಹನ್ನೊಂದು ವರ್ಷಗಳಿಂದ ಕೂತಿದ್ದಾರೆ. ಹಾಜರಿ ಪುಸ್ತಕದಲ್ಲಿ ಅವರು ಬರೀ ‘ಸಹಾಯಕಿ’. ಅವರ ದೊಡ್ಡ ಕೆಲಸ ಯಾವ ಪುಸ್ತಕದಲ್ಲೂ ಇಲ್ಲ.

ಆ ಕೆಲಸದ ಬೇರು ಅವರ ತಂಗಿಯ ಬದುಕಿನಲ್ಲಿದೆ. ಹದಿನೇಳಕ್ಕೇ ತಂಗಿ ಬಸುರಾದಳು. ಹುಡುಗ ಒಂದೇ ಒಂದು ಸಲ ಮನೆ ಬಾಗಿಲಿಗೆ ಬಂದ. ಚಪ್ಪಲಿಯನ್ನೂ ಬಿಡದೆ “ಹೇಗೋ ಆಗಿಹೋಯ್ತು” ಎಂದ, ಹೋದ. ಆ ಭಾನುವಾರ ಮೈದಾನದಲ್ಲಿ ಚೆಂಡಾಡುತ್ತಿದ್ದ.

“ಮಳೆ ಬಂತು ಅನ್ನೋ ಹಾಗೆ ಹೇಳಿಬಿಟ್ಟ. ಆ ಮಾತಲ್ಲಿ ಮಾಡಿದವನೇ ಇಲ್ಲ ನೋಡಿ,” ಎನ್ನುತ್ತಾರೆ ಅಕ್ಕ. ಅಂತಿಮ ಪರೀಕ್ಷೆಗೆ ಇಪ್ಪತ್ತು ದಿನವಿರುವಾಗ ತಂಗಿಯ ಪುಸ್ತಕಗಳಿಗೆ ಹಗ್ಗ ಬಿಗಿದು ಅಟ್ಟಕ್ಕೆ ಹಾಕಿದ್ದು ಅವರೇ. “ಆ ಗಂಟು ಇವತ್ತಿಗೂ ಬೆರಳಲ್ಲಿದೆ. ಇನ್ನೊಂದು ಹುಡುಗಿಯ ಪುಸ್ತಕ ಅಟ್ಟ ಹತ್ತಬಾರದು. ನನಗೆ ಬೇಕಾಗಿದ್ದು ಅಷ್ಟೇ.”

ಕೆಲಸಕ್ಕೆ ಸೇರಿದ ಮೊದಲ ವರ್ಷ ಅವರು ಚಿತ್ರಪಟ ತೂಗುಹಾಕಿ ಬಸಿರು ತಡೆಯುವ ಬಗ್ಗೆ ಭಾಷಣ ಮಾಡಿದರು. ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ವಾರವಿಡೀ ಕೈ ಕೊಯ್ದುಕೊಂಡವರೂ ಕೋಣೆಯತ್ತ ಸುಳಿಯಲಿಲ್ಲ. ಅಕ್ಕ ಚಿತ್ರಪಟ ಸುತ್ತಿಟ್ಟು ಬೆರಳಿಗಾಗಿ ಕಾದರು. “ಕೈ ನನ್ನ ಕೈಯಲ್ಲಿರುವಾಗ ಹುಡುಗ ಎಲ್ಲಿಗೆ ಓಡ್ತಾನೆ?”

ಪಟ್ಟಿ ಸುತ್ತುವ ಆ ನಾಲ್ಕು ನಿಮಿಷವೇ ಅವರ ತರಗತಿ. ಬೇಡದ ಬಸಿರಿನ ಮಾತು ತೆಗೆದರೆ ಹುಡುಗರ ಬಾಯಲ್ಲಿ ಬರುವುದು ಒಂದೇ ಉತ್ತರ: “ಅವಳು ನೋಡ್ಕೋಬೇಕಿತ್ತು.”

“ಅವಳು ನೋಡ್ಕೋಬೇಕಿತ್ತು, ಸರಿ. ನೀನು ಆಗ ಊರಲ್ಲಿರಲಿಲ್ವಾ?”

ಇದನ್ನು ಕೇಳಿ ಹುಡುಗನ ಕಿವಿ ಕೆಂಪಾಗುತ್ತದೆ. ಪಟ್ಟಿಯ ತುದಿ ಕತ್ತರಿಸುವ ಹೊತ್ತಿಗೆ ಎಚ್ಚರಿಕೆ ಇಬ್ಬರದ್ದು, ಹೊಣೆಯೂ ಇಬ್ಬರದ್ದು ಎಂಬ ಮಾತು ಅವನ ಬಾಯಿಂದಲೇ ಹೊರಟಿರುತ್ತದೆ. ಮನಸ್ಸಿಗೆ ಇಳಿಯಿತೋ ಇಲ್ಲವೋ ತಿಳಿಯುವ ದಾರಿ ಮಾತ್ರ ಅಕ್ಕನಿಗಿರಲಿಲ್ಲ.

ಕಳೆದ ವರ್ಷ ಒಂದು ಬೆಳಿಗ್ಗೆ ತಿಳಿಯಿತು. ಹತ್ತೊಂಬತ್ತರ ಹುಡುಗನೊಬ್ಬ ಬಂದು ಸ್ಟೂಲಿನ ಮೇಲೆ ಕೂತ. ಅಭ್ಯಾಸಬಲದಿಂದ ಕೈ ಚಾಚಿದ. ಅಕ್ಕ ತಿರುಗಿಸಿ ತಿರುಗಿಸಿ ನೋಡಿದರು. ಗೀರು ಕೂಡ ಇಲ್ಲ.

“ಕೈಗೇನೂ ಆಗಿಲ್ಲ ಅಕ್ಕಾ. ಅವಳು ಬಸುರಿ. ಆಗಿ...” ಎಂದವನು ನಾಲಿಗೆ ಕಚ್ಚಿಕೊಂಡ. “ಅವಳೊಬ್ಬಳದಲ್ಲ. ನಂದೂ ಇದೆ. ಅವಳ ಮನೇಲಿ ನಾನೇ ಹೇಳ್ಬೇಕು. ಹೇಗೆ ಹೇಳಲಿ?”

“ಈಗ ಹೇಳಿದೆಯಲ್ಲಪ್ಪ, ಹಾಗೇ.”

ಅಂದು ಸಂಜೆ ಅವನು ತಾಯಿಯನ್ನು ಕರೆದುಕೊಂಡು ಹುಡುಗಿಯ ಮನೆಗೆ ಹೋದ. ಅವಳ ಅಪ್ಪನ ಬೈಗುಳವನ್ನು ತಲೆ ತಗ್ಗಿಸಿ ಕೇಳಿದ, ಓಡಲಿಲ್ಲ. ಮುಂದೇನು ಎಂಬುದನ್ನು ತೀರ್ಮಾನಿಸಿದ್ದು ಆ ಹುಡುಗಿ. ಏನೆಂದು ಅಕ್ಕ ಹೇಳುವುದಿಲ್ಲ: “ಅದು ಅವಳ ವಿಷಯ.” ಆದರೆ ಆಸ್ಪತ್ರೆಯ ಸಾಲಿನಲ್ಲಿ ಪ್ರತಿ ಸಲವೂ ಹುಡುಗ ಪಕ್ಕದಲ್ಲಿ ನಿಂತಿದ್ದ. ಆ ವರ್ಷದ ಅಂತಿಮ ಪರೀಕ್ಷೆಯ ಆರೂ ದಿನ, ಅವಳ ಚೀಲ ಹೆಗಲಿಗೆ ಹಾಕಿಕೊಂಡು ಗೇಟಿನ ಹೊರಗೆ ಕಾದ. ಹುಡುಗಿ ಆರೂ ವಿಷಯ ಬರೆದಳು, ಆರರಲ್ಲೂ ಪಾಸಾದಳು.

ಫಲಿತಾಂಶ ಬಂದ ದಿನ ಅಕ್ಕ ತಂಗಿಗೆ ಫೋನು ಮಾಡಿದರು. ಈಗ ಸ್ವಂತ ಹೊಲಿಗೆ ಅಂಗಡಿ ನಡೆಸುವ ತಂಗಿ ಯಂತ್ರ ನಿಲ್ಲಿಸಿದಳು. ಆಮೇಲೆ, “ಅಕ್ಕಾ, ಗೆದ್ದುಬಿಟ್ವಿ ಕಣೇ,” ಎಂದಳು.

ಅಂದಿನಿಂದ ಕೈ ಕೊಯ್ದುಕೊಳ್ಳದ ಒಂಬತ್ತು ಹುಡುಗರು ಬಂದು ಕೂತಿದ್ದಾರೆ. ಕೆಲವರಿಗೆ ಬರೀ ಸಂಶಯ, ಕೆಲವರಿಗೆ ಭಯ. ಹೀಗಾಗಿ ಅಕ್ಕ ಮೇಲಿನವರಲ್ಲಿ ಒಂದು ಕೋರಿಕೆ ಇಟ್ಟಿದ್ದಾರೆ: ಇನ್ನೊಂದು ಸ್ಟೂಲು.

“ಬೆರಳಿನವರು ಒಂದು ಕಡೆ ಕೂರಲಿ,” ಎನ್ನುತ್ತಾರೆ, ಕತ್ತರಿ ಒರೆಸುತ್ತಾ. “ಮಾತಿನವರೇ ಈಗ ಜಾಸ್ತಿ.”