ಮುಂಡರಗಿಗೆ ಹೊರಟ ತಗ್ಗು ಬಸ್ಸು

ಬಸ್ಸಿನ ಹುಚ್ಚು ನನಗೆ. ಬೆಂಗಳೂರಿನ ಸಿಟಿ ಬಸ್ಸುಗಳಲ್ಲಿ ಸುಮ್ಮನೆ ಸುತ್ತುವುದೇ ನನ್ನ ರಜೆಯ ಕೆಲಸ. ಅಲ್ಲಿ ಓಡಿ ಹಳೆಯದಾದ, ನೆಲಕ್ಕೆ ಹತ್ತಿರವಿರುವ ತಗ್ಗು ಬಸ್ಸೊಂದು ಗದಗ ನಿಲ್ದಾಣದಲ್ಲಿ ಮುಂಡರಗಿ ಬೋರ್ಡು ಹಾಕಿಕೊಂಡು ನಿಂತಿತ್ತು. ಲಕ್ಷ್ಮೇಶ್ವರಕ್ಕೆ ಹೊರಟಿದ್ದವನು ಆ ದಾರಿ ಬಿಟ್ಟು ಅದನ್ನೇ ಹತ್ತಿದೆ.

ಪಕ್ಕದಲ್ಲಿ ಗಂಗವ್ವ ಎಂಬ ವಯಸ್ಸಾದ ಹೆಂಗಸು ಕುಳಿತಿದ್ದರು. ಮೊಣಕಾಲಿನ ಆಪರೇಷನ್ ಮುಗಿಸಿಕೊಂಡು, ಅದೇ ದಾರಿಯಲ್ಲಿರುವ ಡಂಬಳಕ್ಕೆ ಮರಳುತ್ತಿದ್ದರು.

"ಬ್ಯಾರೆ ಬಸ್ಸಿನ ಎತ್ತರದ ಪಾವಟಿಗಿ ಹತ್ತಾಕ ಆಗೂದಿಲ್ರಿ. ಇದರ ಹಾದೀನ ಕಾಯ್ಕೋತ ಕುಂತಿದ್ನಿ," ಎಂದರು.

ದಾರಿಯಲ್ಲಿ ಒಂದು ಕಡೆ ಪೈಪು ಹಾಕಲು ರಸ್ತೆ ಅಗೆದು, ಮಣ್ಣಿನಿಂದ ದಿಬ್ಬದಂತೆ ಮುಚ್ಚಿದ್ದರು. ಚಾಲಕ ಇಳಿದು, ಬಗ್ಗಿ ನೋಡಿ ಬಂದ.

"ತುಂಬಿದ ಗಾಡಿ ತಳ ಬಡಿತೈತಿ. ಎಲ್ಲಾರೂ ಇಳೀರಿ."

ಗೊಣಗುತ್ತಲೇ ಎಲ್ಲರೂ ಇಳಿದೆವು. ಗಂಗವ್ವ ಕಂಬಿ ಹಿಡಿದು ಏಳಲು ನೋಡಿದರು. ಬಾಗಿಲ ಕೆಳಗೆ ಬರೀ ಕಲ್ಲು, ಇಳಿಜಾರು.

"ನೀ ಕುಂಡ್ರಬೇ, ಯವ್ವಾ. ನಿನ್ನೊಬ್ಬಾಕಿ ಭಾರ ತಡಿತೈತಿ," ಎಂದು ಚಾಲಕ ಗೇರು ಹಾಕಿದ.

ಬಸ್ಸು ಒಂದೊಂದೇ ಗಾಲಿಯನ್ನು ದಿಬ್ಬಕ್ಕೆ ಹತ್ತಿಸಿತು. ತಳ ಕರ್ರೆಂದು ಕೆರೆದಾಗ ನನ್ನ ಹಲ್ಲು ಜುಮ್ಮೆಂದಿತು. ಕೊನೆಗೂ ಅದು ಆಚೆ ಇಳಿದು ನಿಂತಿತು. ಮಹಾನಗರದಲ್ಲಿ ಇಂಥ ಬಸ್ಸುಗಳನ್ನು ಬೇಕಾದಷ್ಟು ನೋಡಿದ್ದೇನೆ. ಒಬ್ಬರೇ ಒಬ್ಬರನ್ನು ಕೂರಿಸಿಕೊಂಡು ಇಷ್ಟು ಜೋಪಾನವಾಗಿ ಸಾಗಿದ್ದನ್ನು ಮಾತ್ರ ಕಂಡಿರಲಿಲ್ಲ.

ನಾವೆಲ್ಲ ಧೂಳು ತುಳಿಯುತ್ತ ಹಿಂದೆ ಬರುತ್ತಿದ್ದೆವು. ಗಂಗವ್ವ ಕಿಟಕಿಯಿಂದ ತಲೆ ಹೊರಹಾಕಿ ನಗುತ್ತ ಕೂಗಿದರು:

"ಜಲ್ದಿ ಬರ್ರಿ! ಇಲ್ಲಂದ್ರ ನಾನೂ ಡ್ರೈವರೂ ಇಬ್ಬರ ಹೊಂಟ್ವಿ ನೋಡ್ರಿ!"